ಹದಿನಾರು ಮಿಲಿಸೆಕೆಂಡುಗಳ ಲೆಕ್ಕ

ಜುಲೈ ತಿಂಗಳ ಒಂದು ಭಾನುವಾರ, ಮಲ್ಪೆಯ ಕಡೆಯ ಗಾಳಿ ಮಳೆಯನ್ನು ಅಡ್ಡಡ್ಡ ಎರಚುತ್ತಿದ್ದಾಗ, ಉಡುಪಿಯ ಅಕ್ಕನ ಮನೆಯಲ್ಲಿ ನನಗೆ ಪಂಚಾಯಿತಿಕೆಯ ಕೆಲಸ ಬಿತ್ತು. ಅವಳ ಮಗನಿಗೆ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. ಈಗಿರುವುದು ಎನ್ವಿಡಿಯಾ ಸಂಸ್ಥೆಯ ಜಿಟಿಎಕ್ಸ್ 1060, 2016ರ ಮಾದರಿ, 6 ಜಿಬಿ ಮೆಮೊರಿಯದು. ಅವನ ಕಣ್ಣು ಅದೇ ಸಂಸ್ಥೆಯಿಂದ 2023ರಲ್ಲಿ ಬಂದ ಆರ್‌ಟಿಎಕ್ಸ್ 4060ರ ಮೇಲೆ.

"ಮಾವ, ಗೇಮ್ ಆಡುವಾಗ ತಡವರಿಸುತ್ತದೆ. ನೀವೊಂದು ಮಾತು ಹೇಳಿದರೆ ಅಮ್ಮ ಒಪ್ಪುತ್ತಾರೆ" ಎಂದ. ಅಕ್ಕ ಅಡುಗೆಮನೆಯಿಂದಲೇ ಉತ್ತರಿಸಿದಳು: "ಓಡುವ ಗಾಡಿಯ ಇಂಜಿನನ್ನು ಯಾರಾದರೂ ಬದಲಿಸುತ್ತಾರೆಯೇ?"

ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ "ತಡವರಿಸುತ್ತದೆ" ಎಂಬಷ್ಟೇ ದೂರು ನನಗೆ ಸಾಲಲಿಲ್ಲ. ಎಲ್ಲಿ ತಡ, ಯಾರಿಂದ ತಡ?

ಆಟ ನುಣುಪಾಗಿ ಕಾಣಲು ಸೆಕೆಂಡಿಗೆ 60 ಚಿತ್ರಗಳು, ಅಂದರೆ ಫ್ರೇಮುಗಳು, ಬೇಕೆಂದುಕೊಳ್ಳಿ. ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು. ಅಷ್ಟರೊಳಗೆ ಯಾರು ಎಲ್ಲಿಗೆ ಸರಿದರು, ಗುಂಡು ಯಾರಿಗೆ ತಗುಲಿತು, ಈ ಕೋನದಿಂದ ಏನೇನು ಕಾಣಬೇಕು ಎಂದು ಪ್ರೊಸೆಸರ್ ತೀರ್ಮಾನಿಸಿ ಪಟ್ಟಿಯನ್ನು ಕಾರ್ಡಿನ ಕೈಗಿಡಬೇಕು. ಕಾರ್ಡ್ ಅದನ್ನು ನೋಡಿ ಪರದೆಯ ಪ್ರತಿ ಚುಕ್ಕೆಗೂ ಬಣ್ಣ ಲೆಕ್ಕ ಹಾಕಬೇಕು. 1920ಕ್ಕೆ 1080ರ ಪರದೆಯಲ್ಲಿ ಅಂಥ ಚುಕ್ಕೆಗಳು 20,73,600. ಸೆಕೆಂಡಿಗೆ ಅರವತ್ತು ಸಲವೆಂದರೆ ಹನ್ನೆರಡು ಕೋಟಿಯನ್ನು ಮೀರಿತು.

ಇಷ್ಟು ಕೆಲಸ ಹೇಗೆ ಸಾಧ್ಯ ಎಂಬುದು ನಮ್ಮ ಕಡೆಯವರಿಗೆ ಹೊಸತಲ್ಲ. ಅಡಿಕೆ ಸುಲಿಯುವುದನ್ನು ನೆನೆದರೆ ಸಾಕು. ನಾನು ಸುಲಿಯುವ ಅಡಿಕೆಗೂ ಪಕ್ಕದವರ ಕೈಯಲ್ಲಿರುವ ಅಡಿಕೆಗೂ ಸಂಬಂಧವಿಲ್ಲ. ಆದ್ದರಿಂದ ಹೆಚ್ಚು ಜನ ಕುಳಿತಷ್ಟೂ ಬೇಗ ಮುಗಿಯುತ್ತದೆ. ಚುಕ್ಕೆಗಳೂ ಹೆಚ್ಚುಕಡಿಮೆ ಹಾಗೆಯೇ, ಒಂದರ ಬಣ್ಣ ತಿಳಿಯಲು ಇನ್ನೊಂದಕ್ಕಾಗಿ ಕಾಯಬೇಕಿಲ್ಲ. 1060ರಲ್ಲಿ ಸುಲಿಯಲು ಕುಳಿತವರು 1,280 ಮಂದಿ, 4060ರಲ್ಲಿ 3,072. ಆದರೆ ಗೋಣಿ ಹೊತ್ತು ತಂದು ಸುರಿಯುವವರು ಬೇರೆ. ಅದು ಪ್ರೊಸೆಸರಿನ ಕೆಲಸ. ಈ ಹುಡುಗನ ಪ್ರೊಸೆಸರಿನಲ್ಲಿರುವುದು ನಾಲ್ಕೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ. ಗುಂಡು ತಗುಲಿದ ಮೇಲೆಯೇ ಎದುರಾಳಿ ಬೀಳಬೇಕು, ಅವನು ಬಿದ್ದ ಮೇಲೆಯೇ ಅಂಕ ಏರಬೇಕು. ಹೀಗೆ ಒಂದರ ಹಿಂದೆ ಒಂದು ನಡೆಯುವ ಕೆಲಸವನ್ನು ಸಾವಿರ ಜನರಿಗೆ ಹಂಚಲಾಗದು. ಗೋಣಿ ಬಾರದಿದ್ದರೆ ಮೂರು ಸಾವಿರ ಜನರೂ ಎಲೆಯಡಿಕೆ ಮೆಲ್ಲುತ್ತ ಕೂರಬೇಕಷ್ಟೆ.

ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ತಿಳಿಯಲು ಐದು ನಿಮಿಷದ, ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ನನ್ನು 1280ಕ್ಕೆ 720ಕ್ಕೆ ಇಳಿಸಿ. ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಫ್ರೇಮುಗಳ ಸಂಖ್ಯೆ ಜಿಗಿದರೆ ದಣಿದಿದ್ದದ್ದು ಕಾರ್ಡ್. ಕದಲದಿದ್ದರೆ ಕಾರ್ಡಿನ ತಪ್ಪಿಲ್ಲ.

ಸೈಬರ್‌ಪಂಕ್ 2077 ಎಂಬ ಆಟದಲ್ಲಿ ಸೆಕೆಂಡಿಗೆ ಮೂವತ್ತರ ಆಸುಪಾಸಿನಲ್ಲಿದ್ದದ್ದು ಐವತ್ತರ ಹತ್ತಿರ ಬಂತು. ಕಾರ್ಡ್ ಏದುಸಿರು ಬಿಡುತ್ತಿದೆ, ಸರಿ. ಆದರೆ ಗೆಳೆಯರೊಡನೆ ದಿನವೂ ಆಡುವ ವ್ಯಾಲೊರೆಂಟ್‌ನಲ್ಲಿ ಮೊದಲೂ ನೂರಮೂವತ್ತು, ಇಳಿಸಿದ ಮೇಲೂ ನೂರಮೂವತ್ತು. ಅದರ ಮೇಲೆ ಅವನ ಮಾನಿಟರ್ 60 ಹರ್ಟ್ಸ್‌ನದು, ಸೆಕೆಂಡಿಗೆ ಅರವತ್ತು ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸದು. ಉಳಿದ ಎಪ್ಪತ್ತನ್ನು ಕಾರ್ಡ್ ಬರೆಯುತ್ತಿದೆ, ನೋಡುವವರಿಲ್ಲ.

ಆಮೇಲೆ ಕ್ಯಾಬಿನೆಟ್ ಬಿಚ್ಚಿದೆ. ಹಿಂಬದಿಯ ಎರಡು ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಕರಾವಳಿಯ ಧೂಳು ಬಯಲುಸೀಮೆಯ ಧೂಳಿನಂತೆ ಊದಿದರೆ ಹಾರುವುದಿಲ್ಲ. ಇಲ್ಲಿನ ಗಾಳಿಯಲ್ಲಿ ಉಪ್ಪಿದೆ, ಉಪ್ಪು ತೇವ ಹೀರುತ್ತದೆ, ತೇವದ ಧೂಳು ಅಂಟುತ್ತದೆ. ಕಾರ್ಡಿನ ಫ್ಯಾನಿನ ಹಿಂದೆ, ಶಾಖ ಹೊರಹಾಕುವ ತೆಳು ತಗಡುಗಳ ಸಂದಿಯಲ್ಲಿ, ಮನೆಯ ಬೆಕ್ಕಿನ ಕೂದಲೂ ಸೇರಿ ಒಂದು ಕಂಬಳಿಯೇ ನೇಯ್ದಿತ್ತು. ಈ ಕಾರ್ಡ್ 83 ಡಿಗ್ರಿಯ ಆಸುಪಾಸಿಗೆ ಬಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಶುರುವಾದ ಹತ್ತೇ ನಿಮಿಷಕ್ಕೆ ಅಲ್ಲಿಗೆ ತಲುಪುತ್ತಿತ್ತು. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಪೇಂಟ್ ಬ್ರಷ್ಷಿನಿಂದ ಕೆರೆದು, ಚಿಪ್ಪಿನ ಶಾಖವನ್ನು ತಗಡುಗಳತ್ತ ದಾಟಿಸುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ತಾಪ ಎಪ್ಪತ್ತರ ಆಚೀಚೆ ನಿಂತಿತು. ಗಳಿಸಿದ್ದು ಮೂರೋ ನಾಲ್ಕೋ ಫ್ರೇಮ್. ಪವಾಡವೇನಲ್ಲ, ಆದರೆ ಫ್ಯಾನಿನ ಗೋಳಾಟ ನಿಂತಿತು. ಅಕ್ಕನಿಗೆ ಅದೇ ದೊಡ್ಡದು.

ಹುಡುಗನ ನಿಜವಾದ ದೂರು ಇದ್ದದ್ದು ಮಾತ್ರ ಇನ್ನೊಂದೆಡೆ. ವ್ಯಾಲೊರೆಂಟ್‌ನಲ್ಲಿ ಸರಾಸರಿ ಚೆನ್ನಾಗಿದ್ದರೂ ಆಗಾಗ ಆಟ ಗಕ್ಕನೆ ನಿಲ್ಲುತ್ತಿತ್ತು. ಸರಾಸರಿ ಎಂಬುದು ಇಲ್ಲಿ ಮಹಾ ಮೋಸಗಾರ. ಒಂದು ಸೆಕೆಂಡಿನಲ್ಲಿ 59 ಚಿತ್ರಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದು, ಅರವತ್ತನೆಯದೊಂದು 400 ಮಿಲಿಸೆಕೆಂಡು ತೆಗೆದುಕೊಂಡಿತೆನ್ನಿ. ಪರದೆಯ ಮೂಲೆಯಲ್ಲಿ ಫ್ರೇಮುಗಳನ್ನು ಎಣಿಸುವ ಅಂಕಿ 60 ಎಂದೇ ತೋರಿಸುತ್ತದೆ. ಆದರೆ ಕಣ್ಣು ಆ ಒಂದನ್ನೇ ಹಿಡಿಯುತ್ತದೆ, ಎದುರಾಳಿ ಗುಂಡು ಹೊಡೆಯುವುದೂ ಆ ಒಂದರಲ್ಲೇ. ಟಾಸ್ಕ್ ಮ್ಯಾನೇಜರ್ ತೆರೆದರೆ ಕಾರಣ ಎದುರಿಗೇ ಇತ್ತು. 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಅದೂ ಕುತ್ತಿಗೆಮಟ್ಟ ತುಂಬಿದೆ. ಹಿನ್ನೆಲೆಯಲ್ಲಿ ಬ್ರೌಸರಿನ ಇಪ್ಪತ್ತೆಂಟು ಟ್ಯಾಬುಗಳು. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಸಾಮಾನನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತದೆ, ಆ ಓಡಾಟ ಬಹಳ ನಿಧಾನ. ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿದರೆ ಜಾಗವೂ ಇಮ್ಮಡಿ, ಪ್ರೊಸೆಸರಿಗೆ ಹೋಗುವ ದಾರಿಯೂ ಒಂದರ ಬದಲು ಎರಡು. ಮರುದಿನ ಪೇಟೆಯಲ್ಲಿ ಬಳಸಿದ ಸ್ಟಿಕ್ ಒಂದು ಸಿಕ್ಕಿತು. ಕಾರ್ಡಿನ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ.

ಹಾಗಾದರೆ ಹೊಸ ಕಾರ್ಡ್ ಬೇಡವೇ? ಅಷ್ಟು ಸಲೀಸಾಗಿ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. 4060 ಬೇಡುವುದು 115 ವ್ಯಾಟ್, ಹಳೆಯ 1060ರ 120ಕ್ಕಿಂತಲೂ ಕಡಿಮೆ. ಆದ್ದರಿಂದ ಪವರ್ ಸಪ್ಲೈ ಬದಲಿಸುವ ತಾಪತ್ರಯವಿಲ್ಲ. ಮಳೆಗಾಲಕ್ಕೆಂದು ಇಟ್ಟ ಸಣ್ಣ ಯುಪಿಎಸ್ಸಿಗೂ ಹೊಸ ಹೊರೆಯಿಲ್ಲ. ಕೊಂಕಿರುವುದು ಒಂದು ಕಡೆ. ಆ ಕಾರ್ಡ್ ಮದರ್‌ಬೋರ್ಡಿನ ಹದಿನಾರು ಲೇನ್‌ಗಳಲ್ಲಿ, ಅಂದರೆ ಮಾಹಿತಿ ಸಾಗುವ ದಾರಿಗಳಲ್ಲಿ, ಎಂಟನ್ನಷ್ಟೇ ಬಳಸುತ್ತದೆ. ಇವನ ಹಳೆಯ ಬೋರ್ಡಿನಲ್ಲಿ ಒಂದೊಂದು ಲೇನಿನ ವೇಗವೂ ಆ ಕಾರ್ಡಿಗೆ ಸಾಧ್ಯವಿರುವುದರ ಅರ್ಧ. ಕಾರ್ಡಿನ 8 ಜಿಬಿ ಮೆಮೊರಿಯ ಅಂಗಳದಲ್ಲಿ ಎಲ್ಲ ಹಿಡಿಸುವವರೆಗೆ ಇದು ಅಷ್ಟಾಗಿ ಗೊತ್ತಾಗದು. ಅಂಗಳ ತುಂಬಿ ಗೋಣಿಗಳು ಹೊರಗಿನಿಂದ ಬರತೊಡಗಿದರೆ ಓಣಿ ಇಕ್ಕಟ್ಟಾಗುತ್ತದೆ. ನಡುನಡುವೆ ಚಿತ್ರಗಳನ್ನು ತಾನೇ ಊಹಿಸಿ ತುರುಕುವ ಫ್ರೇಮ್ ಜನರೇಷನ್ ಎಂಬ ಸೌಲಭ್ಯದ ಜಾಹೀರಾತಿಗೂ ನಾನು ಮರುಳಾಗುವವನಲ್ಲ. ನೋಟ ನುಣುಪಾಗುತ್ತದೆ, ಕೈಗೆ ಸಿಗುವ ಪ್ರತಿಕ್ರಿಯೆ ಮಾತ್ರ ಚುರುಕಾಗುವುದಿಲ್ಲ.

ಹೊಸ ಕಾರ್ಡಿನ ಪರವಾಗಿ ಗಟ್ಟಿಯಾದ ವಾದವನ್ನು ಹುಡುಗ ಕೊನೆಗಿಟ್ಟುಕೊಂಡಿದ್ದ. ಸೈಬರ್‌ಪಂಕ್‌ನ ಒದ್ದೆ ಬೀದಿಯೊಂದರಲ್ಲಿ ನಿಂತು, "ಈ ಗುಂಡಿಯ ನೀರು ನೋಡಿ, ಮಾವ" ಎಂದ. ಎದುರಿನ ಅಂಗಡಿಯ ಕೆಂಪು ಫಲಕ ನೀರಿನಲ್ಲಿ ಹೊಳೆಯುತ್ತಿತ್ತು. ಮೌಸನ್ನು ಮೆಲ್ಲಗೆ ಕೆಳಗೆ ಸರಿಸಿದ. ಫಲಕ ಪರದೆಯ ಅಂಚಿನಿಂದ ಹೊರಗೆ ಹೋದದ್ದೇ ತಡ, ನೀರಿನೊಳಗಿನ ಅದರ ಬಿಂಬವೂ ಅಳಿಸಿಹೋಯಿತು. ಹಳೆಯ ವಿಧಾನದ ಗುಟ್ಟು ಇದೇ, ಪರದೆಯ ಮೇಲೆ ಆಗಲೇ ಇರುವುದನ್ನು ಮಗುಚಿ ನೀರಿಗೆ ಅಂಟಿಸುತ್ತದೆ. ಪರದೆಯಲ್ಲಿಲ್ಲದ್ದು ಅದಕ್ಕೆ ಲೋಕದಲ್ಲೇ ಇಲ್ಲ. ರೇ ಟ್ರೇಸಿಂಗ್ ಹಾಗಲ್ಲ, ನೋಡುವವನ ಕಣ್ಣಿನಿಂದ ಹೊರಟು ಬೆಳಕಿನ ಜಾಡನ್ನು ಹಿಮ್ಮುಖವಾಗಿ ಹಿಡಿದು, ನೀರಿಗೆ ತಾಗಿ ಎಲ್ಲಿಗೆ ಚಿಮ್ಮುತ್ತದೆಂದು ಲೆಕ್ಕ ಹಾಕುತ್ತದೆ. ಫಲಕ ಬೆನ್ನ ಹಿಂದಿದ್ದರೂ ಸಿಗುತ್ತದೆ. ಇದಕ್ಕೆಂದೇ ಮಾಡಿದ ಘಟಕಗಳು ಎನ್ವಿಡಿಯಾದ ಗೇಮಿಂಗ್ ಕಾರ್ಡುಗಳಿಗೆ ಬಂದದ್ದು 2018ರ ಆರ್‌ಟಿಎಕ್ಸ್ 20 ಸರಣಿಯಿಂದ. 1060ರಲ್ಲಿ ಅವು ಇಲ್ಲವೇ ಇಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕಂತೂ ಅಂಥ ಘಟಕಗಳಿರುವ ಕಾರ್ಡೇ ಬೇಕು. ನಿಧಾನವಾದದ್ದನ್ನು ಸಹಿಸಬಹುದು, ಬಾರದ್ದನ್ನು ಬರಿಸುವುದು ಹೇಗೆ?

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ಆ ಗುಂಡಿಯನ್ನು ಒಂದು ಕ್ಷಣ ನೋಡಿದಳು. "ಮಳೆ ನೀರಿನಲ್ಲಿ ಬೆಳಕು ನೋಡಲು ಇಷ್ಟು ದುಡ್ಡೇ? ರಸ್ತೆಗೆ ಇಳಿ, ಗುಂಡಿಗೇನು ಬರ?" ಎಂದಳು. ಆಮೇಲೆ, "ದೀಪಾವಳಿಗೆ ನೋಡುವ" ಎಂದೂ ಸೇರಿಸಿದಳು.

ನಾನು ಕೊಡೆ ಬಿಡಿಸುವಾಗ ಹುಡುಗ ಅವಳ ಹೊಲಿಗೆಯ ಟೇಪ್ ಹಿಡಿದು, ಕ್ಯಾಬಿನೆಟ್ಟಿನೊಳಗೆ ಎಷ್ಟು ಉದ್ದದ ಕಾರ್ಡ್ ಹಿಡಿಸೀತೆಂದು ಅಳೆಯುತ್ತಿದ್ದ.