ಫೈಲ್ ಕಣ್ಣೆದುರೇ ಇದೆ, ಪರದೆ ಮಾತ್ರ ಕಪ್ಪು

ಆಪರೇಟಿಂಗ್ ಸಿಸ್ಟಂ ಅನ್ನು ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಳ್ಳಬಹುದು. ಲಿನಕ್ಸ್ ಲೋಕದಲ್ಲಿ ಇದಕ್ಕೆ ಹಳೆಯದೊಂದು ದಾರಿಯಿದೆ. ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಅಂತ ಹೆಸರು. ಗೆರಾರ್ಡ್ ಬೀಕ್‌ಮನ್ಸ್ ಎಂಬುವರು 1999ರಲ್ಲಿ ಶುರು ಮಾಡಿದ್ದು. ಮೊದಲು ಮೂಲ ಕೋಡನ್ನು ಮೆಷಿನ್ನಿನ ಭಾಷೆಗೆ ತಿರುಗಿಸುವ ಕಂಪೈಲರ್, ಆಮೇಲೆ ಪ್ರೋಗ್ರಾಂಗಳಿಗೆ ಆಧಾರವಾದ ಸಿ ಲೈಬ್ರರಿ, ಆಮೇಲೆ ನಮ್ಮ ಕಮಾಂಡ್ ಕೇಳುವ ಶೆಲ್, ಕೊನೆಗೆ ಹಾರ್ಡ್‌ವೇರನ್ನು ನಡೆಸುವ ತಿರುಳು, ಕರ್ನಲ್. ಒಂದೊಂದನ್ನೂ ಕೈಯಾರೆ ಕಂಪೈಲ್ ಮಾಡುತ್ತಾ ಹೋಗಬೇಕು. ಸಿದ್ಧವಾದ ಲಿನಕ್ಸ್ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಇರಲಾರದೆ ಇರುವೆ ಬಿಟ್ಕೊಂಡರು ಅಂತಾರಲ್ಲ, ಹಾಗೆ.

ಎಲ್ಲ ಮುಗಿಸಿ ಮೊದಲ ಸಲ ಬೂಟ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಓಡಿದವು. ಒಂದೆರಡು ಸೆಕೆಂಡ್ ಆಗಿರಬಹುದು, ಅಷ್ಟೂ ಮಾಯವಾಯಿತು. ಅಕ್ಷರ ಇಲ್ಲ, ಕರ್ಸರ್ ಇಲ್ಲ, ಏನೂ ಇಲ್ಲ.

ಇಂಥ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಹಿಡಿಯುವ ಆಸೆ ಬರುತ್ತದೆ. ತಡೆದುಕೊಳ್ಳಬೇಕು. ಮೊದಲು ತಿಳಿಯಬೇಕಾದದ್ದು ಒಂದೇ: ಸತ್ತಿರುವುದು ಮೆಷಿನ್ನೋ, ಬರೀ ಪರದೆಯೋ? ಅದಕ್ಕೆ ಸುಲಭದ ಪರೀಕ್ಷೆಯಿದೆ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಆ ಪುಟ್ಟ ದೀಪವನ್ನು ಹತ್ತಿಸುವುದೂ ಆರಿಸುವುದೂ ಕರ್ನಲ್ಲೇ. ದೀಪ ಮಾತು ಕೇಳಿದರೆ ಕರ್ನಲ್ ಬದುಕಿದೆ ಎಂದರ್ಥ. ನನ್ನದು ಕೇಳಿತು. ಬೇರೆ ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ ಒಳಹೋಗಲು ಎಸ್‌ಎಸ್‌ಎಚ್ ಎಂಬ ಸಾಧನ ಹಚ್ಚಿದೆ. ಲಾಗಿನ್ ಆಯಿತು! ಒಳಗೆ ಎಲ್ಲ ನೆಟ್ಟಗೆ ನಡೆಯುತ್ತಿದೆ, ಮುಖ ಮಾತ್ರ ಇಲ್ಲ. ಕಟ್ಟುವಾಗ ಎಸ್‌ಎಸ್‌ಎಚ್ ಸೇರಿಸಿದ್ದು ಸುಮ್ನೆ ಅಭ್ಯಾಸಬಲದಿಂದ. ಆವತ್ತು ಅದೇ ಕಾಪಾಡಿತು.

ಹಾಗಿದ್ದರೆ ಮೊದಲ ಎರಡು ಸೆಕೆಂಡ್ ಅಕ್ಷರ ಕಂಡಿದ್ದು ಹೇಗೆ? ನನಗೆ ತಲೆ ಕೆಟ್ಟಿದ್ದು ಈ ಪ್ರಶ್ನೆಗೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಇಲ್ಲವೆಂದರೆ ಶುರುವಿನಿಂದಲೇ ಏನೂ ಕಾಣಬಾರದಿತ್ತು, ಅಲ್ವಾ?

ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಐಬಿಎಂ 1987ರಲ್ಲಿ ವಿಜಿಎ ಎಂಬ ಗ್ರಾಫಿಕ್ಸ್ ವ್ಯವಸ್ಥೆ ತಂದಾಗ ಪರದೆಗೆ ಬರೆಯುವುದು ಮಕ್ಕಳಾಟದಂತಿತ್ತು. ಟೆಕ್ಸ್ಟ್ ಮೋಡ್‌ನಲ್ಲಿ ಒಂದು ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಒಂದು ಅಕ್ಷರಕ್ಕೆ 2 ಬೈಟ್: ಒಂದು ಬೈಟ್ ಅಕ್ಷರಕ್ಕೆ, ಇನ್ನೊಂದು ಅದರ ಬಣ್ಣಕ್ಕೆ. ಇಡೀ ಪರದೆ 4,000 ಬೈಟ್‌ನಲ್ಲಿ ಮುಗಿಯಿತು. ಮೆಮೊರಿಯ ಗೊತ್ತಾದ ಜಾಗದಲ್ಲಿ ಆ ಬೈಟ್‌ಗಳನ್ನು ಇಟ್ಟರೆ ಸಾಕು, ಅಕ್ಷರ ಮೂಡುತ್ತಿತ್ತು. ಇವತ್ತಿನ ಸಾಧಾರಣ ಪರದೆಯಲ್ಲಿ 1920 ಅಡ್ಡ, 1080 ಉದ್ದ ಚುಕ್ಕೆಗಳು. ಒಂದೊಂದಕ್ಕೂ 4 ಬೈಟ್. ಒಂದೇ ಚಿತ್ರಕ್ಕೆ 82,94,400 ಬೈಟ್ ಬೇಕು. ಸೆಕೆಂಡಿಗೆ 60 ಸಲ ಅದು ಪರದೆಗೆ ಹೋಗಬೇಕು. ಹತ್ತಿರ ಹತ್ತಿರ 50 ಕೋಟಿ ಬೈಟ್ ಆಯಿತು, ಪ್ರತಿ ಸೆಕೆಂಡಿಗೆ.

ಆದರೂ ಹಳೆಯ ಕಾಲದ ಆ ಸರಳ ದಾರಿ ಪೂರ್ತಿ ಹೋಗಿಲ್ಲ. ಮದರ್‌ಬೋರ್ಡಿನಲ್ಲೇ ಕೂತು ಕಂಪ್ಯೂಟರನ್ನು ಮೊದಲು ಎಬ್ಬಿಸುವ ಯುಇಎಫ್‌ಐ ಎಂಬ ಪ್ರೋಗ್ರಾಂ ಬೂಟ್ ಆಗುವಾಗಲೇ ಗ್ರಾಫಿಕ್ಸ್ ಕಾರ್ಡನ್ನು ಒಂದು ಸಾದಾ ಮೋಡ್‌ನಲ್ಲಿ ಎಬ್ಬಿಸಿ, ‘ಇಗೋ, ಈ ಜಾಗದಲ್ಲಿ ಚುಕ್ಕೆ ಬರೆದರೆ ಪರದೆಗೆ ಬರುತ್ತದೆ’ ಎಂದು ಮೆಮೊರಿಯ ವಿಳಾಸವನ್ನು ಕರ್ನಲ್‌ಗೆ ಕೊಟ್ಟಿರುತ್ತದೆ. ಕರ್ನಲ್ ಒಳಗಿನ ಒಂದು ಬಡಪಾಯಿ ಡ್ರೈವರ್ ಆ ಜಾಗದಲ್ಲೇ ಅಕ್ಷರ ಮೂಡಿಸುತ್ತಾ ಕೂತಿರುತ್ತದೆ. ಅದಕ್ಕೆ ರೆಸಲ್ಯೂಶನ್ ಬದಲಿಸಲು ಬಾರದು, ಮೂರು ಆಯಾಮದ ಚಿತ್ರ ಬಿಡಿಸಲೂ ಬಾರದು. ನಾನು ನೋಡಿದ ಬಿಳಿ ಸಾಲುಗಳೆಲ್ಲ ಅದರ ಕೈಬರಹ.

ಆಮೇಲೆ ಕಾರ್ಡಿನ ಅಸಲಿ ಡ್ರೈವರ್ ಬರುತ್ತದೆ. ಬಂದ ತಕ್ಷಣ ಈ ಹಂಗಾಮಿ ನೌಕರನನ್ನು ಮನೆಗೆ ಕಳಿಸಿ, ಕಾರ್ಡನ್ನು ತನ್ನ ವಶಕ್ಕೆ ತೆಗೆದುಕೊಂಡು, ಎಲ್ಲವನ್ನೂ ಮೊದಲಿನಿಂದ ಸಿದ್ಧಮಾಡಲು ಹೊರಡುತ್ತದೆ. ನನ್ನ ಮೆಷಿನ್ನಿನಲ್ಲಿ ಎಡವಟ್ಟಾಗಿದ್ದು ಇಲ್ಲೇ. ಹಳಬನನ್ನು ಕಳಿಸಿಯಾಗಿತ್ತು. ಹೊಸಬ ಅರ್ಧ ದಾರಿಯಲ್ಲಿ ಕೈಚೆಲ್ಲಿದ. ಪರದೆಗೆ ದಿಕ್ಕಿಲ್ಲದಂತಾಯಿತು.

ಬೂಟ್ ಆಗುವಾಗ ಕರ್ನಲ್‌ಗೆ ‘ನೋಮೋಡ್‌ಸೆಟ್’ ಎಂಬ ಒಂದು ಪದ ಕೊಟ್ಟರೆ ಅಕ್ಷರಗಳು ಮತ್ತೆ ಕಾಣುತ್ತವೆ ಎಂದು ಬಹಳ ಜನಕ್ಕೆ ಗೊತ್ತು. ಅದು ಮಾಡುವುದಿಷ್ಟೇ: ಅಸಲಿ ಡ್ರೈವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, ಹಂಗಾಮಿಯವನೇ ಮುಂದುವರಿಯುತ್ತಾನೆ. ಇದು ಔಷಧಿ ಎಂದುಕೊಂಡು ವರ್ಷಗಟ್ಟಲೆ ಹಾಗೇ ಬಿಟ್ಟವರನ್ನು ನೋಡಿದ್ದೇನೆ. ದುಡ್ಡು ಕೊಟ್ಟು ತಂದ ಕಾರ್ಡನ್ನು ಮಲಗಿಸಿ ಇಟ್ಟ ಹಾಗೆ.

ಅಸಲಿ ಡ್ರೈವರ್ ಯಾಕೆ ಕೈಚೆಲ್ಲಿತು? ಕರ್ನಲ್ ತನ್ನ ದಿನಚರಿಯನ್ನು ಸಾಲು ಸಾಲಾಗಿ ಬರೆದಿಡುತ್ತದೆ. ‘ಡಿಮೆಸೇಜ್’ ಎಂಬ ಕಮಾಂಡ್ ಕೊಟ್ಟರೆ ಪೂರ್ತಿ ಓದಬಹುದು. ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2. ಲಿನಕ್ಸ್‌ನಲ್ಲಿ ಎರಡನೇ ನಂಬರಿನ ಎರರ್ ಅಂದರೆ ‘ಅಂಥ ಫೈಲ್ ಇಲ್ಲ’.

ಫರ್ಮ್‌ವೇರ್ ವಿಷಯ ಇಲ್ಲಿ ಹೇಳಲೇಬೇಕು. ಇವತ್ತಿನ ಗ್ರಾಫಿಕ್ಸ್ ಕಾರ್ಡ್ ಅಂದರೆ ಅದೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಕರೆಂಟು, ಬಿಸಿ, ವಿಡಿಯೊ, ಕೆಲಸದ ಸರದಿ ಇವನ್ನೆಲ್ಲ ನೋಡಿಕೊಳ್ಳುವ ಸಣ್ಣ ಸಣ್ಣ ಪ್ರೊಸೆಸರ್‌ಗಳಿವೆ. ಅವಕ್ಕೂ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂಗಳಲ್ಲಿ ಬಹುಪಾಲು ಕಾರ್ಡಿನಲ್ಲಿ ಉಳಿಯುವುದಿಲ್ಲ. ಪವರ್ ಹೋದರೆ ಅಳಿಸಿಹೋಗುತ್ತವೆ. ಪ್ರತಿ ಸಲ ಬೂಟ್ ಆದಾಗಲೂ ಡ್ರೈವರ್ ಅವನ್ನು ಡಿಸ್ಕಿನಿಂದ ಓದಿ ಕಾರ್ಡಿಗೆ ಉಣಿಸಬೇಕು. ಇವು ಕರ್ನಲ್‌ನ ಮೂಲ ಕೋಡ್ ಜೊತೆ ಬರುವುದಿಲ್ಲ, ‘ಲಿನಕ್ಸ್ ಫರ್ಮ್‌ವೇರ್’ ಎಂಬ ಬೇರೆಯೇ ಕಟ್ಟಿನಲ್ಲಿ ಸಿಗುತ್ತವೆ. ಸ್ವಂತ ಸಿಸ್ಟಂ ಕಟ್ಟುವವರು ಮೊದಲು ಮರೆಯುವುದೇ ಇದನ್ನು.

ನಾನು ಮರೆತಿರಲಿಲ್ಲ! ಅದೇ ಅಲ್ಲವೇ ತಮಾಷೆ. ಫರ್ಮ್‌ವೇರ್ ಫೋಲ್ಡರ್ ತೆರೆದು ನೋಡಿದೆ. ಡ್ರೈವರ್ ಕೇಳಿದ್ದ ಅದೇ ಹೆಸರಿನ ಫೈಲ್ ಅಲ್ಲೇ ಕೂತಿತ್ತು. ಹೆಸರನ್ನು ಅಕ್ಷರ ಅಕ್ಷರ ಹೋಲಿಸಿದೆ. ಮತ್ತೆ ಡೌನ್‌ಲೋಡ್ ಮಾಡಿದೆ. ಫೈಲ್ ಓದುವ ಅನುಮತಿ ನೋಡಿದೆ. ಕಣ್ಣೆದುರಿಗೆ ಇರುವ ಫೈಲನ್ನು ಇಲ್ಲ ಅನ್ನುತ್ತಿದೆಯಲ್ಲ ಎಂದು ಅರ್ಧ ದಿನ ತಲೆ ಚಚ್ಚಿಕೊಂಡೆ. ಕೊನೆಗೆ ಉತ್ತರ ಸಿಕ್ಕಿದ್ದು ಅದೇ ದಿನಚರಿಯ ಎಡ ಅಂಚಿನಲ್ಲಿ. ನಾನು ಅಲ್ಲಿಯವರೆಗೆ ಅದರತ್ತ ಕಣ್ಣೇ ಹಾಯಿಸಿರಲಿಲ್ಲ.

ಅಲ್ಲಿ ಪ್ರತಿ ಸಾಲಿನ ಮುಂದೆ ಬೂಟ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕ ಇರುತ್ತದೆ. ಡ್ರೈವರ್ ಫೈಲ್ ಕೇಳಿದ ಸಾಲು ಮೇಲಿತ್ತು. ಡಿಸ್ಕ್ ಮೌಂಟ್ ಆದ, ಅಂದರೆ ಬಳಕೆಗೆ ತೆರೆದುಕೊಂಡ, ಸಾಲು ಅದಕ್ಕಿಂತ ಕೆಳಗಿತ್ತು. ಎರಡಕ್ಕೂ ನಡುವೆ ಒಂದು ಸೆಕೆಂಡ್ ಕೂಡ ಇರಲಿಲ್ಲ. ಡ್ರೈವರ್ ಹೇಳಿದ್ದು ನಿಜವೇ. ಅದು ಕೇಳಿದ ಗಳಿಗೆಯಲ್ಲಿ ಫೈಲ್ ಇರಲಿಲ್ಲ, ಯಾಕೆಂದರೆ ಡಿಸ್ಕೇ ಇರಲಿಲ್ಲ.

ತಪ್ಪು ನನ್ನದೇ. ಕರ್ನಲ್ ಕಂಪೈಲ್ ಮಾಡುವ ಮೊದಲು ಒಂದು ದೊಡ್ಡ ಮೆನು ಬರುತ್ತದೆ. ಪ್ರತಿ ಡ್ರೈವರ್ ಮುಂದೆ ಒಂದು ಚೌಕ. ಅದರಲ್ಲಿ ನಕ್ಷತ್ರ ಹಾಕಿದರೆ ಡ್ರೈವರ್ ಕರ್ನಲ್‌ನ ಹೊಟ್ಟೆಯೊಳಗೇ ಸೇರುತ್ತದೆ. ‘ಎಂ’ ಹಾಕಿದರೆ ಮಾಡ್ಯೂಲ್ ಆಗಿ ಡಿಸ್ಕಿನಲ್ಲಿ ಕೂರುತ್ತದೆ, ಆಮೇಲೆ ಬೇಕಾದಾಗ ಎದ್ದು ಬರುತ್ತದೆ. ಒಳಗೇ ಇದ್ದರೆ ಗಟ್ಟಿ ಎಂದುಕೊಂಡು ನಾನು ನಕ್ಷತ್ರ ಹಾಕಿದ್ದೆ. ಹಾಗಾಗಿ ಡ್ರೈವರ್ ಡಿಸ್ಕಿಗಿಂತ ಮೊದಲೇ ಎದ್ದು ಕೂತು, ಇನ್ನೂ ಬಾಗಿಲು ತೆರೆಯದ ಉಗ್ರಾಣದಿಂದ ಸಾಮಾನು ಕೇಳಿತ್ತು. ನಕ್ಷತ್ರ ತೆಗೆದು ‘ಎಂ’ ಹಾಕಿದೆ, ಮತ್ತೆ ಕಂಪೈಲ್ ಮಾಡಿದೆ, ಪರದೆ ಬಂತು. ನಕ್ಷತ್ರವನ್ನೇ ಉಳಿಸಿಕೊಂಡು ಫರ್ಮ್‌ವೇರನ್ನೂ ಕರ್ನಲ್ ಒಳಗೇ ತುಂಬಿಸಬಹುದಿತ್ತು. ಸಿದ್ಧ ಲಿನಕ್ಸ್‌ಗಳು ಸಾಮಾನ್ಯವಾಗಿ ಮೂರನೆಯ ದಾರಿ ಹಿಡಿಯುತ್ತವೆ: ಡಿಸ್ಕ್ ಏಳುವವರೆಗೆ ಬೇಕಾಗುವ ಸಾಮಾನನ್ನೆಲ್ಲ ಒಂದು ಪುಟ್ಟ ಗಂಟಿನಲ್ಲಿ ಕಟ್ಟಿ ಕರ್ನಲ್ ಜೊತೆಗೇ ಮೆಮೊರಿಗೆ ಕಳಿಸುತ್ತವೆ. ಆ ಗಂಟಿನ ಹೆಸರು ಇನಿಟ್‌ರಾಮ್‌ಎಫ್‌ಎಸ್. ಅದು ಇರುವುದರಿಂದಲೇ ಹೆಚ್ಚಿನವರಿಗೆ ಈ ಪೇಚಾಟದ ಸುದ್ದಿಯೇ ಗೊತ್ತಿರುವುದಿಲ್ಲ.

ಇದೇ ಜಾತಿಯ ಇನ್ನೊಂದು ಹೊಂಡ ಇದೆ. ಡ್ರೈವರ್ ಸರಿ, ಫರ್ಮ್‌ವೇರ್ ಸರಿ, ದಿನಚರಿಯಲ್ಲಿ ಒಂದು ಎರರ್ ಇಲ್ಲ, ಆದರೂ ಪರದೆ ಖಾಲಿ. ಹೊಸ ಡ್ರೈವರ್ ಮೇಲೆ ಅಕ್ಷರದ ಕನ್ಸೋಲ್ ಮೂಡಿಸುವ ಆಯ್ಕೆ ಅದೇ ಮೆನುವಿನ ಬೇರೆ ಯಾವುದೋ ಮೂಲೆಯಲ್ಲಿರುತ್ತದೆ. ಅದನ್ನು ಬಿಟ್ಟಿದ್ದರೆ ಹೀಗಾಗುತ್ತದೆ. ಕ್ಯಾನ್ವಾಸ್ ಸಿದ್ಧ, ಬರೆಯುವವರು ಇಲ್ಲ.

ಪರದೆ ಬಂದ ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಡೆಸ್ಕ್‌ಟಾಪ್ ಹಾಕಿದರೆ ಕಿಟಕಿ ಎಳೆದಾಗ ಅಂಟಂಟಾಗಿ ಚಲಿಸುತ್ತಿತ್ತು. ಏನೂ ಮಾಡದೆ ಕೂತರೂ ಫ್ಯಾನ್ ಗುಯ್‌ಗುಡುತ್ತಿತ್ತು. ಚಿತ್ರ ಬಿಡಿಸುತ್ತಿರುವವರು ಯಾರು ಎಂದು ಕೇಳುವ ಕಮಾಂಡ್‌ಗಳಿವೆ. ಕೇಳಿದೆ. ಕಾರ್ಡಿನ ಹೆಸರು ಬರಬೇಕಾದ ಕಡೆ ‘ಎಲ್‌ಎಲ್‌ವಿಎಂಪೈಪ್’ ಎಂದು ಬಂತು.

ನಾವು ಡ್ರೈವರ್ ಎಂದು ಒಂದೇ ಮಾತಿನಲ್ಲಿ ಕರೆಯುವುದು ನಿಜಕ್ಕೂ ಎರಡು ತುಂಡು. ಒಂದು ಕರ್ನಲ್‌ನೊಳಗೆ ಇರುತ್ತದೆ. ಪರದೆಯ ಮೋಡ್, ಕಾರ್ಡಿನ ಮೆಮೊರಿ, ಯಾರ ಕೆಲಸ ಮೊದಲು ಎಂಬ ಸರದಿ ಅದರ ಪಾಲಿಗೆ. ಪರದೆಯ ಮೋಡ್ ಹಾಕುವ ಕೆಲಸ ಕರ್ನಲ್ ಕೈಗೆ ಬರತೊಡಗಿದ್ದು 2009ರಲ್ಲಿ, 2.6.29ನೇ ಆವೃತ್ತಿಯಿಂದ. ಅದಕ್ಕೂ ಮೊದಲು ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್ ಸರ್ವರ್ ತಾನೇ ನೇರವಾಗಿ ಕಾರ್ಡಿಗೆ ಕೈ ಹಾಕುತ್ತಿತ್ತು. ಇನ್ನೊಂದು ತುಂಡು ಕರ್ನಲ್‌ನ ಹೊರಗೆ, ಮೆಸಾ ಎಂಬ ಲೈಬ್ರರಿಯಲ್ಲಿ. ಬ್ರಯಾನ್ ಪಾಲ್ 1993ರಲ್ಲಿ ಬರೆಯಲು ಕೂತದ್ದು. ಪ್ರೋಗ್ರಾಂಗಳು ‘ಇಲ್ಲೊಂದು ತ್ರಿಕೋನ ಬಿಡಿಸು’ ಎಂದು ಓಪನ್‌ಜಿಎಲ್ ಭಾಷೆಯಲ್ಲಿ ಹೇಳಿದ್ದನ್ನು ಆಯಾ ಕಾರ್ಡಿಗೆ ತಿಳಿಯುವ ಸೂಚನೆಗಳಾಗಿ ಬದಲಿಸುವುದು ಇದರ ಕೆಲಸ. ಮೆಸಾವನ್ನು ಕಂಪೈಲ್ ಮಾಡುವಾಗ ಯಾವ ಯಾವ ಕಾರ್ಡಿನ ಡ್ರೈವರ್ ಬೇಕು ಎಂದು ಪಟ್ಟಿ ಕೊಡಬಹುದು. ನಾನು ಬೇಗ ಮುಗಿಯಲಿ ಎಂದು ಪಟ್ಟಿಯನ್ನು ಮೊಟಕು ಮಾಡಿದ್ದೆ. ನನ್ನ ಕಾರ್ಡಿಗೆ ಬೇಕಾದದ್ದೇ ಅದರಲ್ಲಿ ಇರಲಿಲ್ಲ.

ಆಗ ಮೆಸಾ ‘ಆಗಲ್ಲ’ ಎನ್ನುವುದಿಲ್ಲ. ಅಷ್ಟೂ ಚಿತ್ರವನ್ನು ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಆದ ಸಿಪಿಯು ಕೈಯಲ್ಲೇ ಬಿಡಿಸಿ ಕೊಡುತ್ತದೆ. ಎಲ್‌ಎಲ್‌ವಿಎಂಪೈಪ್ ಅಂದರೆ ಇದೇ. ಬುದ್ಧಿವಂತ ಕೆಲಸ ನಿಜ. ಆದರೆ ಒಂದು ಪರದೆಗೆ 20 ಲಕ್ಷಕ್ಕೂ ಜಾಸ್ತಿ ಚುಕ್ಕೆ, ಸೆಕೆಂಡಿಗೆ 60 ಪರದೆ, ಹನ್ನೆರಡು ಕೋಟಿ ಚುಕ್ಕೆ ದಾಟಿತು. ಪ್ರತಿಯೊಂದಕ್ಕೂ ಬಣ್ಣ, ನೆರಳು, ಪಾರದರ್ಶಕತೆಯ ಲೆಕ್ಕ. ಕಾರ್ಡಿನಲ್ಲಿ ಇಂಥ ಲೆಕ್ಕಕ್ಕೆಂದೇ ನೂರಾರು, ಸಾವಿರಾರು ಘಟಕಗಳು ಒಟ್ಟಿಗೆ ದುಡಿಯುತ್ತವೆ. ಸಿಪಿಯುವಿನಲ್ಲಿ ಇರುವುದು ಬೆರಳೆಣಿಕೆಯ ಕೋರ್‌ಗಳು. ಫ್ಯಾನ್ ಗುಯ್‌ಗುಡದೆ ಇನ್ನೇನು ಮಾಡೀತು? ನನ್ನನ್ನು ಕೇಳಿದರೆ ಹೀಗೆ ಬಾಯಿಮುಚ್ಚಿಕೊಂಡು ಹೊರೆ ಹೊರುವ ಸಾಫ್ಟ್‌ವೇರ್‌ಗಿಂತ ಕಿರುಚಿ ನಿಂತುಹೋಗುವ ಸಾಫ್ಟ್‌ವೇರ್ ವಾಸಿ. ಕಪ್ಪು ಪರದೆಯನ್ನು ಒಂದೇ ದಿನದಲ್ಲಿ ಸರಿಮಾಡಿದೆ. ಈ ನಿಧಾನವನ್ನು ಎರಡು ವಾರ ‘ಕಾರ್ಡೇ ಹಳೆಯದು’ ಎಂದು ಸಹಿಸಿಕೊಂಡಿದ್ದೆ.

ಪಟ್ಟಿ ತಿದ್ದಿ ಮೆಸಾವನ್ನು ಮತ್ತೆ ಕಂಪೈಲ್ ಮಾಡಿದೆ. ಕೇಳಿದರೆ ಮತ್ತೆ ಅದೇ ಉತ್ತರ, ಎಲ್‌ಎಲ್‌ವಿಎಂಪೈಪ್! ತಿದ್ದಿದ್ದು ತಪ್ಪಾಯಿತೇನೋ ಎಂದು ಹಿಂದಕ್ಕೆ ಹೋಗುವವನಿದ್ದೆ. ಏನೋ ಹೊಳೆದು ಅದೇ ಪರೀಕ್ಷೆಯನ್ನು ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಾಗಿ ಓಡಿಸಿದೆ. ಕಾರ್ಡಿನ ಹೆಸರು ಬಂತು. ಅಲ್ಲಿಗೆ ಗುಟ್ಟು ಬಯಲು. ಲಿನಕ್ಸ್‌ನಲ್ಲಿ ಕಾರ್ಡ್ ಕೂಡ ಒಂದು ಫೈಲ್ ಥರವೇ ಕಾಣುತ್ತದೆ, ಅದನ್ನು ತೆರೆಯಲು ಅನುಮತಿ ಬೇಕು. ಸಿದ್ಧ ಸಿಸ್ಟಂಗಳಲ್ಲಿ ಲಾಗಿನ್ ಆದವರಿಗೆ ಆ ಅನುಮತಿಯನ್ನು ಹಿನ್ನೆಲೆಯಲ್ಲಿ ಯಾರೋ ಕೊಟ್ಟಿರುತ್ತಾರೆ. ನನ್ನ ಸಿಸ್ಟಂನಲ್ಲಿ ಆ ‘ಯಾರೋ’ ನಾನೇ ಆಗಬೇಕಿತ್ತು. ಕಾರ್ಡಿನ ಫೈಲ್‌ಗೆ ಗುಂಪನ್ನು ಗೊತ್ತುಮಾಡಿ, ನನ್ನ ಹೆಸರನ್ನು ಆ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆದೆ. ಫ್ಯಾನ್ ಸುಮ್ಮನಾಯಿತು. ಒಂದೇ ಲಕ್ಷಣದ ಹಿಂದೆ ಎರಡು ಕಾರಣ ಒಂದರ ಮೇಲೊಂದು ಕೂತಿದ್ದವು. ಮೊದಲನೆಯದನ್ನು ತೆಗೆದಾಗ ಏನೂ ಬದಲಾದಂತೆ ಕಾಣಲಿಲ್ಲ, ಅಷ್ಟೇ.

ಕಾರ್ಡ್ ತಯಾರಕರೇ ಕೊಡುವ ಡ್ರೈವರ್ ಹಾಕುವವರಿಗೆ ಬೇರೆ ಥರದ ಪಾಡು. ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಮೂಲ ಕೋಡನ್ನು 2022ರ ಮೇ ತಿಂಗಳಲ್ಲಿ ಹೊರಬಿಟ್ಟಿತು, ಆದರೆ ಅವು ಇಂದಿಗೂ ಕರ್ನಲ್‌ನ ಹೊರಗೇ ಬೆಳೆಯುತ್ತವೆ. ಕರ್ನಲ್ ಹೊಸದಾದಾಗಲೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಮಾಡ್ಯೂಲಿನ ಆವೃತ್ತಿಗೂ ಹೊರಗಿನ ಲೈಬ್ರರಿಯ ಆವೃತ್ತಿಗೂ ಕೂದಲೆಳೆ ವ್ಯತ್ಯಾಸ ಇರಬಾರದು. ಇದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ ಎರಡೂ ಕೆಲಸ ಮಾಡುವುದಿಲ್ಲ. ಕರ್ನಲ್‌ನಲ್ಲೇ ಇರುವ ನೂವೋ ಎಂಬ ಮುಕ್ತ ಡ್ರೈವರ್ ಮೊದಲೇ ಎದ್ದು ಕಾರ್ಡ್ ಹಿಡಿದುಕೊಂಡಿದ್ದರೂ ಅಷ್ಟೇ. ಒಂದು ಕಾರ್ಡಿಗೆ ಒಬ್ಬನೇ ಯಜಮಾನ.

ಇನ್ನು ನೆಟ್ಟಗಿದ್ದದ್ದು ಕರ್ನಲ್ ಅಪ್‌ಡೇಟ್ ಆದಮೇಲೆ ಕೆಟ್ಟರೆ? ಅದು ಸ್ವಂತ ಕಟ್ಟುವವರಿಗೆ ಒಂದು ಥರ ಹಬ್ಬ. ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆಗಳಿರುತ್ತವೆ. ಸರಿಯಾಗಿ ನಡುವಿನದನ್ನು ಹಿಡಿದು ಕಟ್ಟಿ ನೋಡಿ. ಅದು ಕೆಟ್ಟಿದ್ದರೆ ತಪ್ಪು ಮೊದಲ ಅರ್ಧದಲ್ಲಿದೆ, ನೆಟ್ಟಗಿದ್ದರೆ ಎರಡನೆಯದರಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾಮಾನ್ಯವಾಗಿ 14 ಸಲ ಕಟ್ಟುವುದರೊಳಗೆ ಕೆಡಿಸಿದ ಆ ಒಂದೇ ಬದಲಾವಣೆ ಕೈಗೆ ಸಿಗುತ್ತದೆ, ಯಾಕೆಂದರೆ 2ನ್ನು 14 ಸಲ ಗುಣಿಸಿದರೆ 16,384. ಗಿಟ್ ಎಂಬ ಸಾಧನ ಇದರ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ‘ಸರಿ’ ಅಥವಾ ‘ಕೆಟ್ಟಿದೆ’ ಎಂದು ಹೇಳುತ್ತಾ ಹೋದರಾಯಿತು. ಡ್ರೈವರ್ ಬರೆಯುವವರಿಗೆ ಆ ಒಂದು ಬದಲಾವಣೆಯ ಗುರುತು ಕಳಿಸಿದರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ಮೆಷಿನ್ ಈಗ ಪ್ರತಿದಿನ ಬೂಟ್ ಆಗುತ್ತದೆ. ಬಿಳಿ ಸಾಲುಗಳು ಓಡುತ್ತವೆ, ದಪ್ಪ ಅಕ್ಷರದಲ್ಲಿ. ಒಂದೆರಡು ಸೆಕೆಂಡ್ ಆದಮೇಲೆ ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಪೂರ್ತಿ ಕಪ್ಪು. ಹಂಗಾಮಿಯವನು ಹೊರಗೆ ಹೋಗಿ ಅಸಲಿಯವನು ಒಳಗೆ ಬರುವ ಹೊತ್ತು ಅದು. ಆಮೇಲೆ ಅದೇ ಸಾಲುಗಳು ಸಣ್ಣ, ಚೂಪು ಅಕ್ಷರದಲ್ಲಿ ಮತ್ತೆ ಕಾಣುತ್ತವೆ. ಏನು ನಡೆಯುತ್ತಿದೆ ಎಂದು ಚೆನ್ನಾಗಿ ಗೊತ್ತು. ಬೆರಳು ಮಾತ್ರ ಇನ್ನೂ ಕ್ಯಾಪ್ಸ್ ಲಾಕ್ ಕಡೆಗೆ ಹೋಗುತ್ತದೆ.