ಮರಳಲ್ಲಿ ನೀರು ಸರ್ರನೆ ಇಳಿಯಬೇಕಲ್ಲ, ನನ್ನ ಮಾಡೆಲ್‌ನಲ್ಲಿ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಕಂಪ್ಯೂಟರ್ ಮಾಡೆಲ್‌ನಲ್ಲಿ ಒಣ ಮರಳಿನ ಒಂದು ಮೀಟರ್ ಎತ್ತರದ ಕಾಲಂ (ಕಂಬ) ಮಾಡಿ, ಪದರಗಳಾಗಿ ಭಾಗಿಸಿ, ಮೇಲಿಂದ ಮಳೆ ಕೊಟ್ಟೆ. ನೀರು ಮೊದಲ ಒಂದೆರಡು ಪದರದಲ್ಲೇ ನಿಂತುಬಿಡುತ್ತದೆ, ಸ್ವಲ್ಪ ಹೊತ್ತಿಗೆ ಲೆಕ್ಕವೂ ಕೈಕೊಡುತ್ತದೆ. ಮರಳು ತಾನೇ, ಎಲ್ಲಿ ತಪ್ಪಾಗಿದೆ?

ಉತ್ತರ: ಸರ್ರನೆ ಇಳಿಯುವುದು ಮರಳು ಪೂರ್ತಿ ನೆನೆದಿದ್ದಾಗ. ಆಗ ದೊಡ್ಡ ರಂಧ್ರಗಳಲ್ಲೆಲ್ಲ ನೀರಿರುತ್ತದೆ. ಒಣಗಲು ಶುರುವಾದರೆ ಮೊದಲು ಖಾಲಿಯಾಗುವುದೂ ಆ ದೊಡ್ಡ ರಂಧ್ರಗಳೇ. ಉಳಿದ ನೀರು ಕಣದ ಮೇಲೆ ತೆಳು ಪೊರೆಯಾಗಿ, ಕಣ ಕಣ ತಾಗುವ ಮೂಲೆಗಳಲ್ಲಿ ಅಂಟಿಕೊಂಡಿರುತ್ತದೆ, ಅಷ್ಟೇ. ಹರಿಯುವ ದಾರಿಯೇ ಕಡಿದುಹೋಯಿತು ಅಂತ ಇಟ್ಟುಕೊಳ್ಳಿ.

ಎಷ್ಟು ಕಡಿಯುತ್ತದೆ ಅಂದರೆ ನಂಬುವುದು ಕಷ್ಟ. 1988ರಲ್ಲಿ ಕಾರ್ಸೆಲ್ ಮತ್ತು ಪ್ಯಾರಿಶ್ ಬೇರೆ ಬೇರೆ ಬಗೆಯ ಮಣ್ಣಿಗೆ ಪ್ರಕಟಿಸಿದ ಸರಾಸರಿ ಅಂಕಿಗಳನ್ನೇ (ಮಣ್ಣಿನಲ್ಲಿ ನೀರಿನ ಓಡಾಟ ಲೆಕ್ಕಹಾಕುವ ಹೈಡ್ರಸ್ ತಂತ್ರಾಂಶದ ಪಟ್ಟಿಯಲ್ಲೂ ಇವೇ ಇವೆ) ವಾನ್ ಗೆನುಕ್ಟೆನ್ ಸೂತ್ರಕ್ಕೆ ಹಾಕಿ ನೋಡಿ; ಹೀರುಬಲ ಇಷ್ಟಿದ್ದರೆ ತೇವಾಂಶ, ವಾಹಕತೆ ಎಷ್ಟು ಅಂತ ಹೇಳುವ ಸೂತ್ರ ಅದು. ಪೂರ್ತಿ ನೆನೆದ ಮರಳಿನ ವಾಹಕತೆ, ಅಂದರೆ ನೀರು ಹಾಯಿಸುವ ಸಾಮರ್ಥ್ಯ, ದಿನಕ್ಕೆ ಸುಮಾರು 713 ಸೆಂ.ಮೀ. ಹೀರುಬಲ (ಮಣ್ಣು ನೀರನ್ನು ಹಿಡಿದೆಳೆಯುವ ಬಲ, ನೀರಿನ ಕಂಬದ ಎತ್ತರದಲ್ಲಿ ಹೇಳುತ್ತಾರೆ; ಒಣಗಿದಷ್ಟೂ ಹೆಚ್ಚು) 10 ಸೆಂ.ಮೀ. ಆದರೆ ಅದು 15ಕ್ಕೆ ಇಳಿಯುತ್ತದೆ. 100 ಸೆಂ.ಮೀ. ಆದರೆ? ಸುಮಾರು 0.00002. ಅದೇ 100 ಸೆಂ.ಮೀ.ನಲ್ಲಿ ಗೋಡು ಮಣ್ಣು ದಿನಕ್ಕೆ 0.03 ಸೆಂ.ಮೀ. ಹಾಯಿಸುತ್ತದೆ, ಅಂದರೆ ಮರಳಿಗಿಂತ ಹೆಚ್ಚುಕಡಿಮೆ ಎರಡು ಸಾವಿರ ಪಟ್ಟು ಜಾಸ್ತಿ! ಹಾಗಾಗಿ ಒಣಗಿದಾಗ ಮರಳಿಗಿಂತ ನಿಧಾನದ ಮಣ್ಣು ಇನ್ನೊಂದಿಲ್ಲ ಅಂದರೂ ನಡೆಯುತ್ತದೆ.

ನಿಮ್ಮ ಮಾಡೆಲ್ ಬಿಡಿಸುತ್ತಿರುವುದು 1931ರ ರಿಚರ್ಡ್ಸ್ ಸಮೀಕರಣವನ್ನು. ಡಾರ್ಸಿ ನಿಯಮಕ್ಕೆ (ಹರಿವು = ವಾಹಕತೆ × ನೀರನ್ನು ತಳ್ಳುವ ಇಳಿಜಾರು) ನೀರಿನ ಜಮಾ-ಖರ್ಚಿನ ಲೆಕ್ಕ ಸೇರಿಸಿದರೆ ಅದೇ ಬರುತ್ತದೆ. ಆದರೆ ಅಲ್ಲಿ ವಾಹಕತೆ ಒಂದು ಸ್ಥಿರ ಸಂಖ್ಯೆಯಲ್ಲ, ಹೀರುಬಲದ ಜೊತೆ ಬದಲಾಗುವ ಒಂದು ವಕ್ರರೇಖೆ. ಮರಳಿನ ರೇಖೆ ಪ್ರಪಾತದಷ್ಟು ಕಡಿದು, ತೊಂದರೆಯೆಲ್ಲ ಇಲ್ಲಿಂದಲೇ.

ಈಗ ನಿಮ್ಮ ಪದರಗಳಿಗೆ ಬರೋಣ. ಮೇಲಿನ ಪದರ ನೆನೆದಿದೆ, ಕೆಳಗಿನದು ಒಣಗಿದೆ. ಇವೆರಡರ ನಡುವೆ ಯಾವ ವಾಹಕತೆ ಹಿಡಿಯಬೇಕು ಅಂತ ಪ್ರೋಗ್ರಾಂ ಏನೋ ಒಂದು ಸರಾಸರಿ ತೆಗೆದುಕೊಳ್ಳುತ್ತದೆ, ಅದು ಗುಣೋತ್ತರ ಸರಾಸರಿ (ಎರಡನ್ನೂ ಗುಣಿಸಿ ವರ್ಗಮೂಲ ತೆಗೆದದ್ದು) ಆಗಿದ್ದರೆ ಒಣ ಪದರದ ಆ ಪುಟಾಣಿ ಸಂಖ್ಯೆ ಇಡೀ ಫಲಿತಾಂಶವನ್ನು ಕೆಳಗೆಳೆದುಬಿಡುತ್ತದೆ. ನೀರು ನಿಲ್ಲುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ. ಮಾಮೂಲಿ ಸರಾಸರಿ (ಕೂಡಿಸಿ ಎರಡರಿಂದ ಭಾಗಿಸಿದ್ದು) ಹಾಕಿ, ಇಲ್ಲವೇ ನೀರು ಬರುತ್ತಿರುವ ಮೇಲಿನ ಪದರದ ವಾಹಕತೆಯನ್ನೇ ಹಿಡಿಯಿರಿ. ನೆನೆಯುವ ಅಂಚು ಸ್ವಲ್ಪ ಹರಡಿದಂತೆ ಕಾಣುತ್ತದೆ, ಅದನ್ನು ಪದರ ತೆಳುವಾಗಿಸಿ ಸರಿಮಾಡಬಹುದು. ಮರಳಿಗೆ 5 ಸೆಂ.ಮೀ. ಪದರ ತುಂಬಾ ದಪ್ಪ, ಮೇಲ್ಭಾಗದಲ್ಲಾದರೂ 1 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇರಲಿ.

ಲೆಕ್ಕ ನಿಂತುಹೋಗುವುದಕ್ಕೆ ಆರಂಭದ ಸ್ಥಿತಿಯೂ ಕಾರಣ ಇರಬಹುದು. ಸುಮ್ನೆ 10,000 ಸೆಂ.ಮೀ. ಹೀರುಬಲ ಕೊಟ್ಟು ಶುರುಮಾಡಬೇಡಿ. ಮರಳು 100ರಲ್ಲೇ ಬಹುತೇಕ ಬರಿದಾಗಿರುತ್ತದೆ: ಗಾತ್ರದ ಲೆಕ್ಕದಲ್ಲಿ ತೇವಾಂಶ ಸುಮಾರು 5%, ಕೊನೆಗೆ ಉಳಿಯುವುದು 4.5%. ಕಾಲದ ಹೆಜ್ಜೆ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ) ಮಳೆ ಶುರುವಾಗುವಾಗ ಸೆಕೆಂಡುಗಳಲ್ಲಿರಲಿ. ಪ್ರೋಗ್ರಾಂ ನೀವೇ ಬರೆದಿದ್ದರೆ, ತೇವಾಂಶ ಮತ್ತು ಒತ್ತಡ ಎರಡನ್ನೂ ಇಟ್ಟುಕೊಳ್ಳುವ, ರಿಚರ್ಡ್ಸ್ ಸಮೀಕರಣದ ಮಿಶ್ರ ರೂಪ ಬಳಸಿ. ಬರೀ ಒತ್ತಡದ ರೂಪದಲ್ಲಿ ನೀರಿನ ಲೆಕ್ಕ ತಾಳೆಯಾಗದೆ ಸೋರಿಹೋಗುತ್ತದೆ. 1990ರಲ್ಲಿ ಸೀಲಿಯಾ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ತೋರಿಸಿದ್ದಾರೆ.

ಇನ್ನೊಂದು ಮಾತು. ಯಾವ ಹೀರುಬಲಕ್ಕೆ ಎಷ್ಟು ತೇವಾಂಶ ಅಂತ ತೋರಿಸುವ ಪ್ರಯೋಗಾಲಯದ ವಕ್ರರೇಖೆ ಸಾಮಾನ್ಯವಾಗಿ ಮರಳನ್ನು ಒಣಗಿಸುತ್ತಾ ಅಳೆದದ್ದು, ನೀವು ನೋಡುತ್ತಿರುವುದು ನೆನೆಯುವುದನ್ನು. ಎರಡೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ನೆನೆಯುವಾಗಿನ ಅಳತೆ ಇಲ್ಲದಿದ್ದರೆ ವಾನ್ ಗೆನುಕ್ಟೆನ್ ಸೂತ್ರದಲ್ಲಿ ಹೀರುಬಲವನ್ನು ಗುಣಿಸುವ ಆಲ್ಫಾ ಎಂಬ ಸಂಖ್ಯೆಯನ್ನು ಒಣಗುವಾಗಿನದರ ಎರಡರಷ್ಟು ಹಿಡಿಯುವುದು ರೂಢಿ.

ಇಷ್ಟೆಲ್ಲ ಮಾಡಿದ ಮೇಲೂ ನಿಜವಾದ ಕಾಲಂನಲ್ಲಿ ತಳದ ಸೆನ್ಸರ್ ಮಾಡೆಲ್‌ಗಿಂತ ಬೇಗ ಒದ್ದೆ ತೋರಿಸಬಹುದು. ತಕ್ಷಣ ವಾಹಕತೆ ಏರಿಸಲು ಹೋಗಬೇಡಿ. ಒಣ, ದಪ್ಪ ಕಣದ ಮರಳಲ್ಲಿ ನೀರು ಸಮವಾಗಿ ಇಳಿಯದೆ ಬೆರಳುಗಳಂತೆ ಸೀಳಿಕೊಂಡು ಹೋಗುತ್ತದೆ. ಒಂದೇ ಆಯಾಮದ ರಿಚರ್ಡ್ಸ್ ಮಾಡೆಲ್‌ಗೆ ಅದು ಕಾಣುವುದೇ ಇಲ್ಲ.