ಡಿಸ್ಕ್ ಟಕ್ ಟಕ್ ಅಂದರೆ ಮೊದಲು ಪ್ಲಗ್ ಕೀಳಿ

ತುಮಕೂರಿನ ಬಿ.ಎಚ್. ರಸ್ತೆಯ ಫೋಟೊ ಸ್ಟುಡಿಯೊ ಇರಲಿ, ತಿಪಟೂರಿನ ಕೊಬ್ಬರಿ ಮಂಡಿ ಇರಲಿ, ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಎಲ್ಲರೂ ಮಾಡುವುದು ಒಂದೇ. ಕೇಬಲ್ ಕಿತ್ತು ಮತ್ತೆ ಹಾಕುತ್ತಾರೆ, ಇನ್ನೊಂದು ಪೋರ್ಟಿಗೆ ಚುಚ್ಚುತ್ತಾರೆ, ಪಕ್ಕದ ಅಂಗಡಿಯ ಕಂಪ್ಯೂಟರಿಗೂ ಹಾಕಿ ನೋಡುತ್ತಾರೆ. ಅದೂ ಆಗದಿದ್ದರೆ ನೆಟ್ಟಿನಿಂದ ಯಾವುದೋ ರಿಕವರಿ ಸಾಫ್ಟ್‌ವೇರ್ ಇಳಿಸಿ ರಾತ್ರಿಯಿಡೀ ಓಡಲು ಬಿಟ್ಟು ಮಲಗುತ್ತಾರೆ. ಡಿಸ್ಕ್ ಕೆಟ್ಟ ಕ್ಷಣದಲ್ಲಿ ಹೋಗುವ ಡೇಟಾಗಿಂತ ಆಮೇಲಿನ ಈ ಎರಡು ದಿನದಲ್ಲಿ ಹೋಗುವ ಡೇಟಾ ಜಾಸ್ತಿ. ರಿಕವರಿ ಮೇಜಿನ ಮೇಲೆ ಮತ್ತೆ ಮತ್ತೆ ಕಾಣುವುದು ಇದೇ.

ಯಾಕೆ ಅಂತ ತಿಳಿಯಬೇಕಾದರೆ ಡಿಸ್ಕಿನ ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿನಲ್ಲಿ ಡೇಟಾ ಕೂರುವ, ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಅಂದರೆ ಪ್ಲ್ಯಾಟರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಅಂಚು ಓಡುವುದು ಗಂಟೆಗೆ 120 ಕಿ.ಮೀ.ಗೂ ಮೀರಿದ ವೇಗದಲ್ಲಿ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಒಂದು ತಲೆಗೂದಲಿನ ದಪ್ಪವೇ ಆ ಅಂತರಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹೆಡ್ ಸೊಟ್ಟಗಾಗಿ ಪ್ಲ್ಯಾಟರಿಗೆ ತಾಗಿದರೆ ಕಾಂತೀಯ ಪದರವನ್ನು ಕೆರೆದು ಪುಡಿ ಮಾಡುತ್ತದೆ. ಪುಡಿಯಾದ ಜಾಗದ ಡೇಟಾ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ಆ ಪುಡಿ ಒಳಗೆಲ್ಲ ಹಾರಾಡಿ ಉಳಿದ ಹೆಡ್‌ಗಳನ್ನೂ ಕೆಡಿಸುತ್ತದೆ. ಹೆಡ್ ಕೆಟ್ಟ ಡಿಸ್ಕಿಗೆ ಒಂದೊಂದು ಸಲ ಕರೆಂಟ್ ಕೊಟ್ಟಾಗಲೂ ಇದು ಆಗಬಹುದು.

ಆದ್ದರಿಂದ ಸದ್ದಿಗೆ ಕಿವಿಗೊಡಿ, ಆದರೆ ಒಂದೇ ಸಲ. ಆನ್ ಮಾಡಿದ ಕೂಡಲೇ ಒಂದೇ ತಾಳದಲ್ಲಿ ಟಕ್, ಟಕ್ ಎಂದು ಬಡಿದು ಆಮೇಲೆ ಸುಮ್ಮನಾದರೆ, ಹೆಡ್ ತನ್ನ ಗುರುತಿನ ಜಾಗವನ್ನು ಓದಲಾರದೆ ಹಿಂದಕ್ಕೆ ಹೋಗಿ ಮತ್ತೆ ಬರುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕು ಸಣ್ಣಗೆ ಬೀಪ್ ಎಂದು ನರಳಿದರೆ ಮೋಟಾರ್ ತಿರುಗಲು ಹೆಣಗುತ್ತಿದೆ. ಹೆಡ್ ಪ್ಲ್ಯಾಟರಿಗೆ ಅಂಟಿಕೊಂಡಿದೆ, ಇಲ್ಲವೇ ಬೇರಿಂಗ್ ಹಿಡಿದುಕೊಂಡಿದೆ. ಕೆರೆಯುವ ಸದ್ದು ಬಂದರೆ ಅದೇ ಸೆಕೆಂಡಿನಲ್ಲಿ ಪ್ಲಗ್ ಕೀಳಿ. ಈ ಮೂರೂ ಧೂಳಿಲ್ಲದ ಕ್ಲೀನ್ ಬೆಂಚಿನಲ್ಲಿ, ಹೆಚ್ಚಾಗಿ ಅದೇ ಮಾದರಿಯ ದಾನಿ ಡಿಸ್ಕಿನ ಹೆಡ್ ತೆಗೆದು ಹಾಕಿ ಮಾಡುವ ಕೆಲಸ. ಮನೆಯಲ್ಲಿ ಮುಚ್ಚಳ ತೆಗೆದರೆ ಕೂತ ಒಂದು ಧೂಳಿನ ಕಣವೇ ಹೆಡ್ಡಿಗೆ ಬಂಡೆಯಿದ್ದಂತೆ. ಫ್ರೀಜರಿನಲ್ಲಿ ಇಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಹೊರತೆಗೆದ ಕೂಡಲೇ ಪ್ಲ್ಯಾಟರಿನ ಮೇಲೆ ನೀರಿನ ಹನಿ ಕಟ್ಟುತ್ತದೆ. ಲ್ಯಾಬಿಗೆ ಬೆಂಗಳೂರಿಗೆ ಒಯ್ಯುವುದಾದರೆ ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸುತ್ತಲೂ ಎರಡು ಇಂಚು ಬಬಲ್ ರ‍್ಯಾಪ್ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ.

ಸದ್ದೇ ಇಲ್ಲದ ಡಿಸ್ಕಿಗೆ ಆಸೆ ಜಾಸ್ತಿ. ಇಲ್ಲಿ ಕೆಟ್ಟಿರುವುದು ಹೆಚ್ಚಾಗಿ ಕೆಳಗಿನ ಹಸಿರು ಅಥವಾ ನೀಲಿ ಬೋರ್ಡು. ಟೇಬಲ್ ಮೇಲಿಡುವ ಎಕ್ಸ್‌ಟರ್ನಲ್ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕು, ಲ್ಯಾಪ್‌ಟಾಪಿನದು ಸಾಮಾನ್ಯವಾಗಿ 19 ವೋಲ್ಟ್. ಪಿನ್ ಕೂತಿತೆಂದು ತಪ್ಪು ಅಡಾಪ್ಟರ್ ಹಾಕಿದರೆ ಮುಗಿಯಿತು. ಗುಡುಗು ಮಳೆಯ ದಿನ ಕರೆಂಟ್ ಹೋಗಿ ಒಮ್ಮೆಲೇ ಬಂದಾಗ ಅಗ್ಗದ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಮಾಡುವುದೂ ಇದನ್ನೇ. ಇಂಥ ಹೊಡೆತವನ್ನು ತಾನು ತಿಂದು ಉಳಿದದ್ದನ್ನು ಕಾಯಲೆಂದೇ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಇರುತ್ತದೆ. 3.5 ಇಂಚಿನ ಡಿಸ್ಕಿನಲ್ಲಿ ಸಾಮಾನ್ಯವಾಗಿ 5 ವೋಲ್ಟಿನ ದಾರಿಗೊಂದು, 12 ವೋಲ್ಟಿನ ದಾರಿಗೊಂದು, ಪವರ್ ಕನೆಕ್ಟರಿನ ಹತ್ತಿರವೇ ಕೂತಿರುವ ಕಪ್ಪು ಚೌಕಾಕಾರದ ಬಿಡಿಭಾಗ. ಡಿಸ್ಕಿಗೆ ಯಾವ ಕೇಬಲ್ಲೂ ಇಲ್ಲದಾಗ ಮಲ್ಟಿಮೀಟರನ್ನು ಕಂಟಿನ್ಯೂಯಿಟಿಗೆ ಇಟ್ಟು ಅದರ ಎರಡೂ ತುದಿಗೆ ಮುಟ್ಟಿಸಿ. ಪ್ರೋಬ್ ಅದಲುಬದಲು ಮಾಡಿದರೂ ಸೊನ್ನೆಯ ಹತ್ತಿರವೇ ತೋರಿಸಿ ಬೀಪ್ ಎನ್ನುತ್ತಿದ್ದರೆ ಡಯೋಡ್ ಶಾರ್ಟ್ ಆಗಿದೆ. ಪಕ್ಕದ ಸೊನ್ನೆ ಓಮ್ ರೆಸಿಸ್ಟರ್ ಅಥವಾ ಫ್ಯೂಸ್ ಸುಟ್ಟಿದೆಯೇ ಅಂತಲೂ ಅಳೆಯಿರಿ. ಬೇರೇನೂ ಸುಟ್ಟಿಲ್ಲದಿದ್ದರೆ, ಶಾರ್ಟ್ ಆದ ಡಯೋಡನ್ನು ಹಾಟ್ ಏರಿನಿಂದ ತೆಗೆದ ಕೂಡಲೇ ಡಿಸ್ಕ್ ಮಾಮೂಲಿಯಂತೆ ತಿರುಗುವುದುಂಟು. ಆದರೆ ಈಗ ಅದಕ್ಕೆ ಕಾವಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ ಡೇಟಾ ಇಳಿಸಿಕೊಂಡು ಆ ಡಿಸ್ಕನ್ನು ಪಕ್ಕಕ್ಕಿಡಿ.

ಬೋರ್ಡನ್ನೇ ಬದಲಿಸೋಣ ಎಂದು ಹಳೆಯ ಡಿಸ್ಕಿನ ಬೋರ್ಡು ತಂದು ಕೂರಿಸುವವರಿಗೆ ಒಂದು ಮಾತು. ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿನ ಹೆಡ್‌ಗಳಿಗೆ ಹೊಂದಿಸಿದ ಅಳತೆಗಳು ಬೋರ್ಡಿನ ಮೇಲಿನ ಎಂಟು ಕಾಲಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ. ಕೆಲವದರಲ್ಲಿ ಮುಖ್ಯ ಪ್ರೊಸೆಸರಿನ ಒಳಗೇ ಇರುತ್ತವೆ. ಬೋರ್ಡಿನ ನಂಬರ್ (ವೆಸ್ಟರ್ನ್ ಡಿಜಿಟಲ್‌ನಲ್ಲಿ 2060 ಎಂದು ಶುರುವಾಗುವುದು) ಒಂದೇ ಆಗಿದ್ದರೂ ಹಳೆಯ ಚಿಪ್ಪನ್ನು ಹೊಸ ಬೋರ್ಡಿಗೆ ಸಾಗಿಸದಿದ್ದರೆ ಡಿಸ್ಕ್ ಟಕ್ ಟಕ್ ಎಂದೇ ಹೊಡೆದುಕೊಳ್ಳುತ್ತದೆ. ಹೀಗೆ ಬೋರ್ಡಿನ ತೊಂದರೆ ಇದ್ದ ಡಿಸ್ಕಿಗೆ ಹೆಡ್ಡಿನ ತೊಂದರೆಯನ್ನೂ ತಂದಿಟ್ಟಂತಾಗುತ್ತದೆ. ಬೋರ್ಡು ಬಿಚ್ಚಿದಾಗ ಅದರ ಒಳಮೈಯ ಹೆಡ್ ಸಂಪರ್ಕದ ಬಿಂದುಗಳು ಕಪ್ಪಾಗಿವೆಯೇ ನೋಡಿ. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಕೆಲವು ಡಿಸ್ಕು ಅಷ್ಟರಿಂದಲೇ ಎದ್ದು ಕೂರುತ್ತವೆ.

ಇನ್ನು ದಿನವೂ ಬರುವ ಕೇಸು: ಡಿಸ್ಕ್ ತಿರುಗುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುತ್ತದೆ, ಆದರೆ ಫೋಲ್ಡರ್ ತೆರೆಯಲು ಹತ್ತು ನಿಮಿಷ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ, ಅಥವಾ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ?’ ಎನ್ನುತ್ತದೆ. ಎರಡಕ್ಕೂ ಬೇಡ ಅನ್ನಿ. ಹಾಗೆ ಸ್ಕ್ಯಾನ್ ಮಾಡುವ ಚೆಕ್‌ಡಿಸ್ಕಿನ ಕೆಲಸ ಫೈಲ್ ಸಿಸ್ಟಮನ್ನು (ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು) ತನ್ನ ಲೆಕ್ಕಕ್ಕೆ ಹೊಂದಿಸುವುದು. ಓದಲಾಗದ ಜಾಗದಲ್ಲಿ ಇರುವ ಫೋಲ್ಡರಿನ ಪಟ್ಟಿಯನ್ನು ಅದು ಕೆಟ್ಟದ್ದೆಂದು ಕತ್ತರಿಸಿ, ಒಳಗಿನದ್ದನ್ನು ಹೆಸರಿಲ್ಲದ ತುಣುಕು ಮಾಡಿ ಎಸೆಯಬಹುದು. ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ ನೋಡಿ. 5, 197, 198ನೇ ಸಾಲುಗಳಲ್ಲಿ ಅಂಕಿ ಏರುತ್ತಿದ್ದರೆ ಸೆಕ್ಟರುಗಳು (ಡೇಟಾ ಕೂರುವ ಸಣ್ಣ ಖಾನೆಗಳು) ಸಾಯುತ್ತಿವೆ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದ್ದು ಕೇಬಲ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು.

ಸಾಯುತ್ತಿರುವ ಡಿಸ್ಕಿನಿಂದ ಫೈಲ್ ಕಾಪಿ ಮಾಡುವುದಲ್ಲ, ಇಡೀ ಡಿಸ್ಕಿನ ಪಡಿಯಚ್ಚು, ಅಂದರೆ ಇಮೇಜ್ ತೆಗೆಯಬೇಕು. ಅಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಒಳ್ಳೆಯ ಡಿಸ್ಕೊಂದು ಬೇಕು. ವಿಂಡೋಸ್ ಬಿಟ್ಟು ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಯಾಕೆಂದರೆ ವಿಂಡೋಸ್ ಡಿಸ್ಕ್ ಕಂಡ ಕೂಡಲೇ ತಾನೇ ಮೌಂಟ್ ಮಾಡಿ ಓದಲು, ಬರೆಯಲು ಶುರು ಮಾಡುತ್ತದೆ. ಸಾಧ್ಯವಿದ್ದರೆ ಯುಎಸ್‌ಬಿ ಬಿಟ್ಟು ನೇರ ಸಾಟಾ ಪೋರ್ಟಿಗೆ ಹಾಕಿ. ಜಿಎನ್‌ಯು ಡಿಡಿರೆಸ್ಕ್ಯೂ ಉಚಿತ, ಇದಕ್ಕೆ ಅದಕ್ಕಿಂತ ನಂಬಿಕಸ್ಥ ಸಾಧನ ಸಾಮಾನ್ಯ ಕೈಗೆ ಸಿಗುವುದು ಕಷ್ಟ. ಕೊಡುವ ಡಿಸ್ಕ್ ಯಾವುದು, ತೆಗೆದುಕೊಳ್ಳುವ ಡಿಸ್ಕ್ ಯಾವುದು ಎಂದು ಸೀರಿಯಲ್ ನಂಬರ್ ನೋಡಿ, ಎರಡು ಸಲ ಓದಿ ಎಂಟರ್ ಒತ್ತಿ. ತಿರುವುಮುರುವಾದರೆ ಖಾಲಿ ಡಿಸ್ಕನ್ನು ನಿಮ್ಮ ಡೇಟಾ ಮೇಲೆ ನೀವೇ ಬರೆದಂತೆ.

ಮೊದಲ ಸುತ್ತಿನಲ್ಲಿ ಸಣ್ಣ ‘ಎನ್’ ಆಯ್ಕೆ ಕೊಡಿ. ಕೆಟ್ಟ ಜಾಗ ಬಂದರೆ ಅಲ್ಲೇ ಗುದ್ದಾಡದೆ ಹಾರಿ ಮುಂದೆ ಹೋಗಿ, ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಮ್ಯಾಪ್ ಫೈಲಿನ ಹೆಸರನ್ನು ಮರೆಯದೆ ಕೊಡಿ. ಯಾವ ಸೆಕ್ಟರ್ ಸಿಕ್ಕಿತು, ಯಾವುದು ಬಾಕಿ ಎಂಬ ಲೆಕ್ಕ ಅದರಲ್ಲಿದೆ. ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಎರಡನೇ ಸುತ್ತಿನಲ್ಲಿ ‘ಎನ್’ ತೆಗೆದು ಬಿಟ್ಟುಬಂದ ಕೆಟ್ಟ ಜಾಗಗಳನ್ನು ಒಂದೊಂದೇ ಸೆಕ್ಟರಿನಂತೆ ಓದಿಸಿ. ಸಣ್ಣ ‘ಆರ್3’ ಕೊಟ್ಟು ಮೂರು ಸಲ ಮತ್ತೆ ಪ್ರಯತ್ನಿಸುವುದು ಕೊನೆಗೆ. ದೊಡ್ಡ ‘ಆರ್’ ಕೊಟ್ಟರೆ ಡಿಸ್ಕಿನ ಕೊನೆಯಿಂದ ಮೊದಲಿಗೆ ಓದುತ್ತದೆ. ಕೆಲವೊಮ್ಮೆ ಮುಂದಿನಿಂದ ಸಿಗದ್ದು ಹೀಗೆ ಸಿಗುತ್ತದೆ. ಆರೋಗ್ಯವಾದ 1 ಟಿಬಿ ಡಿಸ್ಕು ಸೆಕೆಂಡಿಗೆ 100 ಎಂಬಿಯಂತೆ ಸುಮಾರು 3 ಗಂಟೆಯಲ್ಲಿ ಮುಗಿಯುತ್ತದೆ. ಕಾಯಿಲೆ ಬಿದ್ದದ್ದು ಮೂರು ದಿನ ಹಿಡಿಯಬಹುದು. ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟು ಡಿಸ್ಕನ್ನು ತಣ್ಣಗಿಡಿ. ವೇಗ ಎಂಬಿಯಿಂದ ಕೆಬಿಗೆ ಬಿದ್ದು ಹೊಸ ಸದ್ದು ಶುರುವಾದರೆ ನಿಲ್ಲಿಸಿ. ಅಲ್ಲಿಗೆ ಹೆಡ್ ಸೋತಿದೆ, ಮುಂದಿನದು ಲ್ಯಾಬಿನ ಕೆಲಸ. ಫೈಲ್ ಹುಡುಕುವ ಯಾವ ಸಾಫ್ಟ್‌ವೇರನ್ನಾದರೂ ಓಡಿಸುವುದು ಇಮೇಜಿನ ಮೇಲೆ ಮಾತ್ರ.

ಹುಡುಕುವಾಗ ಒಂದು ವ್ಯತ್ಯಾಸ ತಿಳಿದಿರಲಿ. ಫೈಲ್ ಸಿಸ್ಟಮಿನ ಪಟ್ಟಿ ಉಳಿದಿದ್ದರೆ ಹೆಸರು, ಫೋಲ್ಡರ್, ತಾರೀಖು ಎಲ್ಲ ಸಿಗುತ್ತವೆ. ಪಟ್ಟಿಯೇ ಹೋಗಿದ್ದರೆ ಫೋಟೊರೆಕ್‌ನಂಥ ಸಾಧನ ಫೈಲಿನ ತಲೆಯ ಗುರುತು ನೋಡಿ ಎತ್ತುತ್ತದೆ. ಜೆಪೆಗ್ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಬೈಟುಗಳು. ಮದುವೆಯ ಫೋಟೊಗಳಿಗೆ ಇದು ಸಾಕು. ಮಂಡಿಯ ಟ್ಯಾಲಿ ಲೆಕ್ಕಕ್ಕೆ ಸಾಲದು. ಟ್ಯಾಲಿಯ ಕಂಪನಿ ಡೇಟಾ 10000, 10001 ಎಂಬಂಥ ಅಂಕಿಯ ಹೆಸರಿರುವ ಫೋಲ್ಡರಿನಲ್ಲಿ ಹತ್ತಾರು ಫೈಲುಗಳ ಗುಂಪಾಗಿ ಇರುತ್ತದೆ, ಇಡೀ ಗುಂಪು ಅದೇ ಹೆಸರಿನಲ್ಲಿ ಬರಬೇಕು. ಅದಕ್ಕೇ ಬ್ಯಾಕಪ್ ಫೈಲ್ ಎಲ್ಲಾದರೂ ಪೆನ್‌ಡ್ರೈವಿನಲ್ಲಿ, ಆಡಿಟರ ಮೇಲ್‌ನಲ್ಲಿ ಇದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಸಲ ಅಲ್ಲೇ ಸಿಗುತ್ತದೆ, ಡಿಸ್ಕ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಡಿಲೀಟ್ ಆದದ್ದರ ಕಥೆ ಬೇರೆ. ಮಾಮೂಲಿ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡುಗಳಲ್ಲಿ ಮೇಲೆ ಬರೆಯುವ ತನಕ ಫೈಲ್ ಅಲ್ಲೇ ಇರುತ್ತದೆ. ತಿರುಗುವ ಭಾಗವೇ ಇಲ್ಲದ, ಚಿಪ್ಪಿನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ವಿಂಡೋಸ್ 7ರಿಂದಲೇ ಡಿಲೀಟ್ ಮಾಡಿದ ಜಾಗವನ್ನು ಟ್ರಿಮ್ ಆದೇಶದಿಂದ ಡ್ರೈವಿಗೆ ತಿಳಿಸುವ ಏರ್ಪಾಡಿದೆ. ಆಮೇಲೆ ಆ ಜಾಗ ಓದಿದರೆ ಹೆಚ್ಚಿನ ಡ್ರೈವುಗಳು ಸೊನ್ನೆಯನ್ನೇ ಕೊಡುತ್ತವೆ. ವಿಂಡೋಸಿನ ಡೇಟಾ ಬೀಗವಾದ ಬಿಟ್‌ಲಾಕರ್ ಹಾಕಿದ ಲ್ಯಾಪ್‌ಟಾಪ್ ಆದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಇಮೇಜ್ ಸಿಕ್ಕರೂ ಉಪಯೋಗವಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಅದು ಉಳಿದಿದೆಯೇ ಎಂದು ನೋಡಿ. ಫೋನುಗಳೂ ಹಾಗೇ: ಈಗಿನವುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುವುದರಿಂದ ಮೆಮೊರಿ ಚಿಪ್ ಕಿತ್ತು ಓದುವುದು ನಡೆಯುವುದಿಲ್ಲ, ಅದೇ ಬೋರ್ಡನ್ನು ರಿಪೇರಿ ಮಾಡಿ ಎಬ್ಬಿಸಿ ಪಾಸ್‌ವರ್ಡ್ ಹೊಡೆಯಬೇಕು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂಳಬೇಡಿ, ಚಾರ್ಜಿಗೂ ಹಾಕಬೇಡಿ. ಆಫ್ ಮಾಡಿ ಬೋರ್ಡ್ ತೊಳೆಯಬಲ್ಲವರ ಕೈಗೆ ಅದೇ ದಿನ ಕೊಡಿ.

ಸಿಸಿಟಿವಿಯ ಡಿವಿಆರ್ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಲೇ ಇರುತ್ತದೆ. ಕಳ್ಳತನದ ದೃಶ್ಯ ಬೇಕಾದರೆ ಅಳಿಸಿತೆಂದು ಗೊತ್ತಾದ ಗಳಿಗೆಯಲ್ಲೇ ಅದನ್ನು ಆಫ್ ಮಾಡಿ. ಅದಕ್ಕೆ ಮೊದಲು ಪರದೆಯ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದುಕೊಳ್ಳಿ. ಇಲ್ಲದಿದ್ದರೆ ಯಾವ ಗಂಟೆಯ ದೃಶ್ಯ ಹುಡುಕಬೇಕು ಅನ್ನುವುದೇ ತಪ್ಪುತ್ತದೆ.

ಡೇಟಾ ಬಂದ ಮೇಲೆ ಫೈಲಿನ ಲೆಕ್ಕ ನೋಡಿ ಸಂತೋಷಪಡಬೇಡಿ, ತೆರೆದು ನೋಡಿ. ಗಾತ್ರ ಸರಿಯಿದ್ದೂ ಒಳಗೆಲ್ಲ ಸೊನ್ನೆ ತುಂಬಿರಬಹುದು. ಟ್ಯಾಲಿಯಲ್ಲಿ ಕೊನೆಯ ವೋಚರಿನ ತಾರೀಖು ಪರೀಕ್ಷಿಸಿ, ವಿಡಿಯೊವನ್ನು ಕೊನೆಯ ನಿಮಿಷದ ತನಕ ಓಡಿಸಿ. ಡಿಟಿಪಿ ಅಂಗಡಿಗಳ, ಶಾಲೆಗಳ ಹಳೆಯ ಕನ್ನಡ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಕೆಟ್ಟಿದೆ ಎಂದು ಅಳಿಸಬೇಡಿ. ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾದದ್ದಿರಬಹುದು. ಹೊಸ ಕಂಪ್ಯೂಟರಿಗೆ ಆ ಫಾಂಟ್ ಹಾಕಿ ಮತ್ತೆ ತೆರೆಯಿರಿ, ಅಕ್ಷರ ಅಕ್ಷರವೂ ಇದ್ದ ಹಾಗೇ ಇರುತ್ತದೆ. ಇದೆಲ್ಲ ನೋಡಿ ಮುಗಿಯುವ ತನಕ, ಕನಿಷ್ಠ ಹದಿನೈದು ದಿನ, ಹಳೆಯ ಡಿಸ್ಕನ್ನೂ ಮ್ಯಾಪ್ ಫೈಲನ್ನೂ ಗುಜರಿಗೆ ಹಾಕದೆ ಒಂದೇ ಕವರಿನಲ್ಲಿ ಇಟ್ಟಿರಿ.